ಡ್ರೈವ್ ಶಾರ್ಟ್‌ಕಟ್: ಹೆಸರು ಇಲ್ಲಿದೆ, ಫೈಲು ಎಲ್ಲಿದೆ?

ಇವತ್ತಿನ ವಿಷಯ ತುಂಬಾ ಚಿಕ್ಕದು ಅನ್ನಿಸಬಹುದು. ಗೂಗಲ್ ಡ್ರೈವ್‌ನಲ್ಲಿ ಒಂದೇ ಫೈಲು ಎರಡು ಮೂರು ಫೋಲ್ಡರ್‌ಗಳಲ್ಲಿ ಕಾಣಲಿ ಅಂತ ನಾವು ಹಾಕ್ತೀವಲ್ಲ, ಆ ಶಾರ್ಟ್‌ಕಟ್ ಬಗ್ಗೆ. "ಇದಕ್ಕೂ ಒಂದು ವಿಡಿಯೋ ಬೇಕಾ?" ಅಂತ ಮನೆಯಲ್ಲಿ ಕೇಳಿದ್ರು. ಬೇಕು. ಯಾಕೆ ಅಂತ ಮೊದಲು ಹೇಳ್ತೀನಿ.

ನಾನಿರೋದು ಮುಂಬೈಯ ಬೈಕುಲ್ಲಾದಲ್ಲಿ, ಸ್ಟೇಷನ್‌ನಿಂದ ಹತ್ತು ನಿಮಿಷದ ದಾರಿ. ಆಫೀಸು ಐರೋಲಿಯಲ್ಲಿ. ಬೆಳಗ್ಗೆ ಬೈಕುಲ್ಲಾದಿಂದ ಠಾಣೆಗೆ ಲೋಕಲ್, ಅಲ್ಲಿಂದ ಇನ್ನೊಂದು ಲೋಕಲ್. ಅಪ್ಪ, ಅಮ್ಮ ರಾಣೆಬೆನ್ನೂರಿನಲ್ಲಿ, ಅಕ್ಕ ಹರಿಹರದಲ್ಲಿ. ಅಪ್ಪನಿಗೆ ಹಿಂದೊಮ್ಮೆ ಸ್ಟೆಂಟ್ ಹಾಕಿದ್ದಾರೆ. ಒಂದು ಆ್ಯಂಟಿಬಯಾಟಿಕ್ ಅವರಿಗೆ ಆಗಿಬರಲ್ಲ. ಹೀಗಾಗಿ ಅವರ ರಿಪೋರ್ಟ್‌ಗಳನ್ನೆಲ್ಲ ಸ್ಕ್ಯಾನ್ ಮಾಡಿ ಡ್ರೈವ್‌ನಲ್ಲಿ ಇಟ್ಟಿದ್ದೆ. 'ಅಪ್ಪ ಆಸ್ಪತ್ರೆ' ಅಂತ ಒಂದು ಫೋಲ್ಡರ್ ಮಾಡಿ ಅಕ್ಕನಿಗೆ ಶೇರ್ ಕೂಡ ಮಾಡಿದ್ದೆ. ಸಾಫ್ಟ್‌ವೇರ್ ಎಂಜಿನಿಯರ್, ಮೇಲೆ ಎಂಟೆಕ್ ಬೇರೆ. ಇಷ್ಟು ವ್ಯವಸ್ಥೆ ಮಾಡಿದ್ದೀನಿ ಅಂತ ಸ್ವಲ್ಪ ಜಂಬವೂ ಇತ್ತು.

ಕಳೆದ ವರ್ಷ ಒಂದು ದಿನ ಅಪ್ಪ ಅಕ್ಕನ ಮನೆಗೆ ಹೋಗಿದ್ದಾಗ ಬೆಳಗ್ಗೆ ಎದೆ ಉರಿ, ಬೆವರು. ಅಕ್ಕ ನೇರವಾಗಿ ದಾವಣಗೆರೆಯ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದಳು. ಕಾಗದದ ಫೈಲು ರಾಣೆಬೆನ್ನೂರಿನ ಬೀರುವಿನಲ್ಲಿ. ಡಾಕ್ಟರು ಕೇಳಿದ್ದು ಎರಡೇ ಪ್ರಶ್ನೆ: ಹಳೆಯ ಆ್ಯಂಜಿಯೋಗ್ರಾಂ ರಿಪೋರ್ಟ್ ಇದೆಯಾ? ಯಾವ ಔಷಧಿ ಆಗಿಬರಲ್ಲ? ಅಕ್ಕ ಧೈರ್ಯವಾಗಿ ಫೋನ್ ತೆಗೆದಳು.

ಆ ಹೊತ್ತಿಗೆ ನಾನು ಲೋಕಲ್‌ನಲ್ಲಿ, ಬ್ಯಾಗು ಎದೆ ಮೇಲೆ, ಫೋನು ಬ್ಯಾಗಿನೊಳಗೆ ಸೈಲೆಂಟ್‌ನಲ್ಲಿ. ಠಾಣೆಯಲ್ಲಿ ಇಳಿದು ನೋಡಿದರೆ ಆರು ಮಿಸ್ಡ್ ಕಾಲ್, ಪರ್ಮಿಶನ್ ಕೇಳಿದ ನಾಲ್ಕು ಮೇಲ್, ವಾಟ್ಸಾಪ್‌ನಲ್ಲಿ ಅಕ್ಕನ ದನಿ: "ತಮ್ಮಾ, ನೀ ಕೊಟ್ಟ ಫೋಲ್ಡರ್ ತೆಗದೀನಿ. ಹೆಸರು ಎಲ್ಲಾ ಕಾಣ್ತಾವ, ಒತ್ತಿದ್ರ ಯಾವುದೂ ತೆರೀವಲ್ದು. ಪರ್ಮಿಶನ್ ಕೇಳಾಕತ್ತೈತಿ. ಲಗೂನ ನೋಡು."

ಪರ್ಮಿಶನ್ ಕೊಡೋಕೆ ನನಗೆ ಹಿಡಿದದ್ದು ಒಂದು ನಿಮಿಷ ಇರಬಹುದು. ಅದಕ್ಕೆ ಮುಂಚೆ ಕಳೆದದ್ದು ಹತ್ತಿರ ಹತ್ತಿರ ನಲವತ್ತು ನಿಮಿಷ. ಡಾಕ್ಟರು ರಿಪೋರ್ಟ್‌ಗೆ ಕಾಯದೆ ಇಸಿಜಿ ಮಾಡಿ, ಮಾಡಬೇಕಾದ್ದನ್ನು ಶುರು ಮಾಡಿದ್ದರು. ಅಪ್ಪ ಈಗ ಆರಾಮಾಗಿದ್ದಾರೆ. ಆದರೆ ಆಮೇಲೆ ಅಕ್ಕ ಹೇಳಿದ ಒಂದು ಮಾತು ಹಾಗೇ ಉಳಿದುಬಿಟ್ಟಿದೆ: "ನಿನ್ನ ಫೋಲ್ಡರಿನ್ಯಾಗ ಬರೇ ಹೆಸರು ಅದಾವೋ ತಮ್ಮಾ, ಕಾಗದ ಇಲ್ಲ."

ತಾಂತ್ರಿಕವಾಗಿ ಇದಕ್ಕಿಂತ ಸರಿಯಾದ ವಿವರಣೆ ಇಲ್ಲ. ಡ್ರೈವ್ ಏನೂ ತಪ್ಪು ಮಾಡಿರಲಿಲ್ಲ. ತಪ್ಪು ನನ್ನದು. ಅದೇನು ಅಂತ ಬಿಡಿಸಿ ನೋಡೋಣ.

ಶಾರ್ಟ್‌ಕಟ್ ಅಂದರೆ ಏನು

ನಾನು ಸ್ಕ್ಯಾನ್ ಮಾಡಿದ್ದೆಲ್ಲ ಹೋಗ್ತಾ ಇದ್ದದ್ದು ನನ್ನ ಸ್ವಂತ 'ಸ್ಕ್ಯಾನ್' ಫೋಲ್ಡರ್‌ಗೆ. ಅದರಲ್ಲಿ ನನ್ನ ಬಾಡಿಗೆ ಕರಾರು, ಪ್ಯಾನ್ ಕಾರ್ಡು, ಸ್ಯಾಲರಿ ಸ್ಲಿಪ್ಪು ಎಲ್ಲ ಇರೋದರಿಂದ ಅದನ್ನು ಯಾರಿಗೂ ಶೇರ್ ಮಾಡಿರಲಿಲ್ಲ. ಅಲ್ಲಿಂದ ಅಪ್ಪನ ರಿಪೋರ್ಟ್‌ಗಳಿಗೆ ಶಾರ್ಟ್‌ಕಟ್ ಮಾಡಿ 'ಅಪ್ಪ ಆಸ್ಪತ್ರೆ' ಫೋಲ್ಡರ್‌ನಲ್ಲಿ ಹಾಕಿದ್ದೆ. ನನ್ನ ಫೋನಿನಲ್ಲಿ ಒತ್ತಿದರೆ ಪಟ್ ಅಂತ ತೆರೀತಿತ್ತು. ಯಾಕೆಂದರೆ ಅಸಲಿ ಫೈಲಿನ ಯಜಮಾನ ನಾನೇ. ಅಕ್ಕನ ಫೋನಿನಲ್ಲಿ ಒಮ್ಮೆಯೂ ಒತ್ತಿ ನೋಡಿರಲಿಲ್ಲ.

ಶಾರ್ಟ್‌ಕಟ್ ಅನ್ನೋದು ಅಸಲಿ ಫೈಲಿನ ನಕಲಲ್ಲ, ಅದರ ತುಂಡೂ ಅಲ್ಲ. ಅದು ಬೇರೆಯೇ ಒಂದು ಪುಟ್ಟ ಫೈಲು. ಅದರೊಳಗೆ ಇರೋ ಮುಖ್ಯ ವಿಷಯ ಒಂದೇ: ಅಸಲಿ ಫೈಲಿನ ಐಡಿ. ಡ್ರೈವ್‌ನ ಎಪಿಐ ಬಳಸಿದವರಿಗೆ ಗೊತ್ತಿರುತ್ತೆ, ಶಾರ್ಟ್‌ಕಟ್‌ಗೆ ತನ್ನದೇ ಒಂದು ಐಡಿ ಇರುತ್ತೆ, ಒಳಗೆ 'ಟಾರ್ಗೆಟ್ ಐಡಿ' ಅಂತ ಇನ್ನೊಂದು ಇರುತ್ತೆ. ನೀವು ಶಾರ್ಟ್‌ಕಟ್ ಒತ್ತಿದಾಗ ಡ್ರೈವ್ ಆ ಎರಡನೇ ಐಡಿ ಓದಿ ಅಸಲಿ ಫೈಲಿನ ಬಾಗಿಲಿಗೆ ಹೋಗುತ್ತೆ. ಅಲ್ಲಿ ಮತ್ತೆ ಹೊಸದಾಗಿ ಕೇಳುತ್ತೆ: ಇವರಿಗೆ ಒಳಗೆ ಬಿಡಬಹುದಾ?

ಲಿನಕ್ಸ್ ಗೊತ್ತಿರೋರಿಗೆ ಇದು ಹಳೆಯ ಪರಿಚಯ. 'ಎಲ್‌ಎನ್ ಮೈನಸ್ ಎಸ್' ಕೊಟ್ಟು ಮಾಡೋ ಸಿಂಬಾಲಿಕ್ ಲಿಂಕ್ ಇದರ ಅಣ್ಣ. 1983ರ 4.2 ಬಿಎಸ್‌ಡಿ ಯೂನಿಕ್ಸ್‌ನಲ್ಲೇ ಅದು ಇತ್ತು. ವಿಂಡೋಸ್ 95ರಿಂದ ಡೆಸ್ಕ್‌ಟಾಪ್‌ನಲ್ಲಿ ಮೂಲೆಗೆ ಪುಟ್ಟ ಬಾಣ ಇರೋ ಐಕಾನ್ ನೋಡ್ತಾ ಬಂದಿದ್ದೀವಿ. ಡ್ರೈವ್‌ನ ಶಾರ್ಟ್‌ಕಟ್ ಐಕಾನ್‌ನಲ್ಲೂ ಅಂಥದೇ ಬಾಣ ಇರುತ್ತೆ. ಒಂದು ವ್ಯತ್ಯಾಸ ನೆನಪಿಡಿ. ಸಿಂಬಾಲಿಕ್ ಲಿಂಕ್ ನೆನಪಿಟ್ಟುಕೊಳ್ಳೋದು ದಾರಿಯನ್ನು, ಅಂದರೆ ಪಾತ್. ಫೈಲು ಬೇರೆ ಕಡೆ ಹೋದರೆ ಲಿಂಕ್ ಕೆಟ್ಟುಹೋಯ್ತು. ಡ್ರೈವ್ ನೆನಪಿಟ್ಟುಕೊಳ್ಳೋದು ಐಡಿಯನ್ನು. ಅಸಲಿ ಫೈಲಿನ ಹೆಸರು ಬದಲಾಯಿಸಿ, ಇನ್ನೊಂದು ಫೋಲ್ಡರ್‌ಗೆ ಸಾಗಿಸಿ, ಶಾರ್ಟ್‌ಕಟ್ ಕೆಡಲ್ಲ. ಇದು ಮುಂದೆ ನಮಗೆ ಉಪಯೋಗಕ್ಕೆ ಬರುತ್ತೆ.

ಬೈಕುಲ್ಲಾದ ಕುದುರೆ

ಇದನ್ನು ಅಕ್ಕನಿಗೆ ಹೇಗೆ ಹೇಳೋದು ಅಂತ ಯೋಚಿಸ್ತಾ ಇದ್ದಾಗ ನಮ್ಮ ಏರಿಯಾದಲ್ಲೇ ಉದಾಹರಣೆ ಸಿಕ್ತು.

ಮುಂಬೈಯಲ್ಲಿರೋ ನಮ್ಮವರಿಗೆಲ್ಲ ಫೋರ್ಟ್‌ನ ಕಾಲಾ ಘೋಡಾ ಗೊತ್ತು. ಕಾಲಾ ಘೋಡಾ ಅಂದರೆ ಕಪ್ಪು ಕುದುರೆ. ಕುದುರೆ ಮೇಲೆ ಕೂತ ಏಳನೇ ಎಡ್ವರ್ಡ್‌ನ ಪ್ರತಿಮೆ ಅಲ್ಲಿತ್ತು, ಅದರಿಂದ ಆ ಜಾಗಕ್ಕೆ ಆ ಹೆಸರು. 1965ರಲ್ಲಿ ಆ ಪ್ರತಿಮೆಯನ್ನು ತೆಗೆದರು. ಆಮೇಲೆ ಅದು ಬಂದು ಸೇರಿದ್ದು ನಮ್ಮ ಬೈಕುಲ್ಲಾದ ರಾಣಿ ಬಾಗ್‌ಗೆ, ಅಂದರೆ ಈಗಿನ ವೀರಮಾತಾ ಜೀಜಾಬಾಯಿ ಭೋಸಲೆ ಉದ್ಯಾನಕ್ಕೆ. ಹೆಸರು ಮಾತ್ರ ಫೋರ್ಟ್‌ನಲ್ಲೇ ಉಳಿದುಕೊಂಡಿತು. 2017ರಲ್ಲಿ ಅಲ್ಲಿ ಸವಾರನಿಲ್ಲದ ಒಂದು ಹೊಸ ಕುದುರೆಯನ್ನು ನಿಲ್ಲಿಸಿದ್ದಾರೆ, ಆದರೆ ಅಸಲಿ ಕುದುರೆ ಇರೋದು ಇಲ್ಲಿ.

ಇನ್ನೊಂದು ಇದೆ. ಎಲಿಫೆಂಟಾ ದ್ವೀಪಕ್ಕೆ ಪೋರ್ಚುಗೀಸರು ಆ ಹೆಸರಿಟ್ಟದ್ದು ಅಲ್ಲಿದ್ದ ಒಂದು ಕಲ್ಲಿನ ಆನೆಯನ್ನು ನೋಡಿ. 1864ರಲ್ಲಿ ಅದನ್ನು ಇಂಗ್ಲೆಂಡಿಗೆ ಸಾಗಿಸೋಕೆ ಹೋಗಿ ಒಡೆದುಹಾಕಿದರು. ಆ ತುಂಡುಗಳನ್ನು ಮತ್ತೆ ಜೋಡಿಸಿದ ಆನೆ ಈಗ ಬೈಕುಲ್ಲಾದ ಭಾವು ದಾಜಿ ಲಾಡ್ ಮ್ಯೂಸಿಯಂ ಆವರಣದಲ್ಲಿದೆ.

ಅಕ್ಕನಿಗೆ ಹೇಳಿದೆ, ನೋಡು, ಫೋರ್ಟ್‌ನಲ್ಲಿರೋ ಕಾಲಾ ಘೋಡಾ ಅನ್ನೋ ಹೆಸರು ಶಾರ್ಟ್‌ಕಟ್ ಇದ್ದ ಹಾಗೆ. ಯಾರು ಬೇಕಾದರೂ ಓದಬಹುದು. ಹಳೆಯ ಕುದುರೆಯನ್ನು ನೋಡಬೇಕು ಅಂದರೆ ಬೈಕುಲ್ಲಾಕ್ಕೇ ಬರಬೇಕು, ರಾಣಿ ಬಾಗ್‌ನ ಟಿಕೆಟ್ ತಗೋಬೇಕು, ಬುಧವಾರ ಬಂದರೆ ಗೇಟ್ ಬಂದ್. ಫೋರ್ಟ್‌ನಲ್ಲಿ ನಿಂತಿದ್ದೀನಿ ಅನ್ನೋ ಕಾರಣಕ್ಕೆ ಇಲ್ಲಿನ ಗೇಟ್ ತೆರೆಯಲ್ಲ. ಅಕ್ಕನಿಗೆ ಆ ಕೂಡಲೇ ಗೊತ್ತಾಯ್ತು. "ಹಂಗಂದ್ರ ನೀ ನನಗ ಫೋರ್ಟಿನ ಕೀಲಿ ಕೊಟ್ಟಿದ್ದಿ" ಅಂದಳು.

2020ಕ್ಕೆ ಮುಂಚೆ ಹೀಗಿರಲಿಲ್ಲ

ಡ್ರೈವ್ ಬಹಳ ವರ್ಷದಿಂದ ಬಳಸ್ತಾ ಇರೋರಿಗೆ ಒಂದು ಗೊಂದಲ ಇರುತ್ತೆ: ಹಿಂದೆ ಒಂದೇ ಫೈಲು ಎರಡು ಫೋಲ್ಡರ್‌ನಲ್ಲಿ ನಿಜವಾಗಿಯೇ ಇರ್ತಿತ್ತಲ್ಲ? ಹೌದು, ಇರ್ತಿತ್ತು. ಒಂದು ಮಗುವಿಗೆ ಎರಡು ಮನೆ ಇದ್ದ ಹಾಗೆ. ಯೂನಿಕ್ಸ್‌ನ ಹಾರ್ಡ್ ಲಿಂಕ್‌ಗೆ ಹೆಚ್ಚು ಹತ್ತಿರದ ವ್ಯವಸ್ಥೆ ಅದು. 2020ರ ಸೆಪ್ಟೆಂಬರ್ 30ರಿಂದ ಗೂಗಲ್ ಅದನ್ನು ನಿಲ್ಲಿಸಿತು. ಅಂದಿನಿಂದ ಒಂದು ಫೈಲು ಒಂದೇ ಫೋಲ್ಡರ್‌ನಲ್ಲಿ ಇರಬೇಕು, ಬೇರೆ ಕಡೆ ಕಾಣಬೇಕಾದರೆ ಶಾರ್ಟ್‌ಕಟ್. ಅದಕ್ಕೂ ಮುಂಚೆ ಎರಡು ಕಡೆ ಇದ್ದ ಹಳೆಯ ಫೈಲುಗಳನ್ನು ನಂತರದ ವರ್ಷಗಳಲ್ಲಿ ಒಂದು ಕಡೆ ಉಳಿಸಿ, ಉಳಿದ ಕಡೆ ಶಾರ್ಟ್‌ಕಟ್ ಆಗಿ ಬದಲಾಯಿಸಿದರು.

ಇದರಿಂದ ತೊಂದರೆಯೂ ಆಯ್ತು, ಒಳ್ಳೆಯದೂ ಆಯ್ತು. ಎರಡು ಮನೆ ಇದ್ದಾಗ ಯಾವ ಮನೆಯ ಪರ್ಮಿಶನ್ ಫೈಲಿಗೆ ಅಂಟಿಕೊಂಡಿದೆ, ಒಂದು ಮನೆಯಿಂದ ತೆಗೆದರೆ ಇನ್ನೊಂದರಲ್ಲಿ ಉಳಿಯುತ್ತಾ ಅಂತ ಯಾರಿಗೂ ಸರಿಯಾಗಿ ತಿಳೀತಿರಲಿಲ್ಲ. ಈಗ ಲೆಕ್ಕ ಸರಳ. ಫೈಲಿಗೆ ಒಂದೇ ಮನೆ. ಆ ಮನೆಗೆ ಯಾರಿಗೆಲ್ಲ ಪ್ರವೇಶ ಇದೆಯೋ ಅವರಿಗೆ ಫೈಲು ಸಿಗುತ್ತೆ. ಹಾಗಾಗಿ ಮನೆ ಯಾವುದು ಅನ್ನೋದನ್ನು ನಾವೇ ಯೋಚಿಸಿ ಆರಿಸಬೇಕು. ನಾನು ಯೋಚಿಸಿರಲಿಲ್ಲ. ಸ್ಕ್ಯಾನರ್ ಆ್ಯಪ್ ಎಲ್ಲಿ ಹಾಕಿತೋ ಅದನ್ನೇ ಮನೆ ಮಾಡಿಬಿಟ್ಟಿದ್ದೆ.

ನೆನಪಿಡಬೇಕಾದ ನಾಲ್ಕು ಗುಣ

ಒಂದು, ಪ್ರವೇಶ. ಫೋಲ್ಡರ್ ಶೇರ್ ಮಾಡಿದರೆ ಅದರೊಳಗಿನ ಅಸಲಿ ಫೈಲುಗಳು ಶೇರ್ ಆಗ್ತವೆ. ಅದರೊಳಗಿನ ಶಾರ್ಟ್‌ಕಟ್‌ಗಳು ತೋರಿಸೋ ಫೈಲುಗಳು ಆಗಲ್ಲ. ಆದರೆ ಶಾರ್ಟ್‌ಕಟ್‌ನ ಹೆಸರು ಎಲ್ಲರಿಗೂ ಕಾಣುತ್ತೆ. 'ಮನೆ ಸಾಲ ತಿರಸ್ಕಾರ ಪತ್ರ' ಅಂತ ಹೆಸರಿಟ್ಟು ಶಾರ್ಟ್‌ಕಟ್ ಮಾಡಿ ಹತ್ತು ಜನರ ಫೋಲ್ಡರ್‌ಗೆ ಹಾಕಿದರೆ, ಪತ್ರ ತೆರೆಯದಿದ್ದರೂ ಸುದ್ದಿ ತಲುಪಿತು ಅಂತಲೇ ಲೆಕ್ಕ.

ಎರಡು, ಅಳಿಸೋದು. ಶಾರ್ಟ್‌ಕಟ್ ಅಳಿಸಿದರೆ ಅಸಲಿಗೆ ಏನೂ ಆಗಲ್ಲ. ಅಸಲಿ ಅಳಿಸಿದರೆ ಶಾರ್ಟ್‌ಕಟ್ ಹೆಸರಿಗೆ ಮಾತ್ರ ಉಳಿಯುತ್ತೆ. ಟ್ರ್ಯಾಶ್‌ಗೆ ಹೋದದ್ದು 30 ದಿನ ಇರುತ್ತೆ, ಆಮೇಲೆ ತಾನಾಗಿಯೇ ಹೋಗುತ್ತೆ. ಇಲ್ಲಿ ಒಂದು ಗುಂಡಿ ಇದೆ. ಫೋಲ್ಡರ್‌ಗೂ ಶಾರ್ಟ್‌ಕಟ್ ಮಾಡಬಹುದಲ್ಲ, ಅದನ್ನು ಒತ್ತಿದರೆ ನೀವು ಹೋಗೋದು ಅಸಲಿ ಫೋಲ್ಡರ್‌ನ ಒಳಗೇ. "ಇದು ಬರೀ ಶಾರ್ಟ್‌ಕಟ್ ಅಲ್ವಾ" ಅಂದುಕೊಂಡು ಅಲ್ಲಿ ಏನಾದರೂ ಅಳಿಸಿದರೆ, ಅಳಿಸಿದ್ದು ಅಸಲಿಯನ್ನೇ. ಆಫೀಸಿನಲ್ಲಿ ಒನ್‌ಡ್ರೈವ್ ಬಳಸೋರಿಗೂ ಇದೇ ಮಾತು. ಅಲ್ಲಿ ಬೇರೆಯವರ ಫೋಲ್ಡರ್‌ಗೆ ಶಾರ್ಟ್‌ಕಟ್ ಹಾಕಿಕೊಂಡರೆ ಒಳಗಿರೋದು ಅವರ ಅಸಲಿ ಫೈಲುಗಳೇ.

ಮೂರು, ಜಾಗ. 15 ಜಿಬಿ ಉಚಿತ ಜಾಗ ಜಿಮೇಲ್, ಫೋಟೋಸ್, ಡ್ರೈವ್ ಮೂರಕ್ಕೂ ಸೇರಿ. ಫೈಲಿನ ತೂಕ ಅದರ ಯಜಮಾನನ ಲೆಕ್ಕಕ್ಕೆ ಹೋಗುತ್ತೆ. ಶಾರ್ಟ್‌ಕಟ್ ಎಷ್ಟು ಹಾಕಿದರೂ ಫೈಲಿನ ತೂಕ ಮತ್ತೆ ಸೇರಲ್ಲ. ಕಾಪಿ ಮಾಡಿದರೆ ಸೇರುತ್ತೆ.

ನಾಲ್ಕು, ಯಜಮಾನಿಕೆ. ನಮ್ಮಂಥ ಊರು ಬಿಟ್ಟವರಿಗೆ, ಕಂಪನಿ ಬದಲಾಯಿಸೋರಿಗೆ ಇದೇ ಎಲ್ಲಕ್ಕಿಂತ ಮುಖ್ಯ. ಅದಕ್ಕೆ ಸ್ವಲ್ಪ ನಿಧಾನವಾಗಿ ಹೇಳ್ತೀನಿ.

ಯಜಮಾನ ಹೋದರೆ

ನನ್ನ ಪರಿಚಯದವರೊಬ್ಬರು ಮಗಳ ಶಾಲೆಯ ದಾಖಲೆ, ಊರಿನ ಜಮೀನಿನ ಪಹಣಿ ಎಲ್ಲ ಆಫೀಸಿನ ಅಕೌಂಟ್‌ನಲ್ಲೇ ಇಟ್ಟಿದ್ದರು. ಲ್ಯಾಪ್‌ಟಾಪ್‌ನಲ್ಲಿ ಅದೇ ಲಾಗಿನ್ ಆಗಿತ್ತು, ಸುಲಭ ಅನ್ನಿಸ್ತು, ಅಷ್ಟೆ. ಅಲ್ಲಿಂದ ಸ್ವಂತ ಜಿಮೇಲ್‌ಗೆ ಶೇರ್ ಮಾಡಿ ಶಾರ್ಟ್‌ಕಟ್ ಹಾಕಿಕೊಂಡಿದ್ದರು. ನೋಟಿಸ್ ಪೀರಿಯಡ್ ಮುಗೀತು, ಅಕೌಂಟ್ ಮುಚ್ಚಿದರು, ಶಾರ್ಟ್‌ಕಟ್‌ಗಳು ಬಾಗಿಲಿಲ್ಲದ ಗೋಡೆ ಆದವು. ಗೂಗಲ್ ವರ್ಕ್‌ಸ್ಪೇಸ್‌ನಲ್ಲಿ ಅಳಿಸಿದ ಬಳಕೆದಾರರ ಅಕೌಂಟನ್ನು ಅಡ್ಮಿನ್ ವಾಪಸ್ ತರಬಹುದಾದದ್ದು 20 ದಿನದೊಳಗೆ ಮಾತ್ರ. ಇವರಿಗೆ ಗೊತ್ತಾದದ್ದು ಮಗಳ ಅಡ್ಮಿಶನ್ ಹೊತ್ತಿಗೆ. ಮನೆಯ ಕಾಗದ ಆಫೀಸಿನ ಅಕೌಂಟ್‌ನಲ್ಲಿ ಬೇಡ, ಆಫೀಸಿನದು ಮನೆಯ ಅಕೌಂಟ್‌ನಲ್ಲೂ ಬೇಡ.

ಎರಡನೇದು ಅಪ್ಪ ಅಮ್ಮನ ಅಕೌಂಟ್. ಎಷ್ಟೋ ಜನ ಊರಿಗೆ ಹೋದಾಗ ಅಪ್ಪನಿಗೆ ಒಂದು ಜಿಮೇಲ್ ಮಾಡಿಕೊಟ್ಟು, ಅದರಲ್ಲೇ ದಾಖಲೆ ಹಾಕಿ ಬರ್ತೀವಿ. ಆಮೇಲೆ ಅದನ್ನು ಯಾರೂ ತೆರೆಯಲ್ಲ. ಎರಡು ವರ್ಷ ಬಳಸದ ವೈಯಕ್ತಿಕ ಅಕೌಂಟ್‌ಗಳನ್ನು ಅಳಿಸೋದನ್ನು ಗೂಗಲ್ 2023ರ ಡಿಸೆಂಬರ್‌ನಿಂದ ಶುರು ಮಾಡಿದೆ. ಅಕೌಂಟ್ ಹೋದರೆ ಒಳಗಿನ ಫೈಲೂ ಹೋಗುತ್ತೆ, ನಿಮ್ಮ ಕಡೆ ಇರೋ ಶಾರ್ಟ್‌ಕಟ್ ಯಾವುದಕ್ಕೂ ಬರಲ್ಲ.

ಮೂರನೇದು ಹೇಳೋಕೆ ಇಷ್ಟವಿಲ್ಲದ್ದು, ಆದರೂ ಹೇಳ್ತೀನಿ. ಯಜಮಾನ ನಾನೇ, ನನಗೇ ಏನಾದರೂ ಆದರೆ? ಗೂಗಲ್ ಅಕೌಂಟ್ ಸೆಟ್ಟಿಂಗ್ಸ್‌ನಲ್ಲಿ 'ಇನ್‌ಆ್ಯಕ್ಟಿವ್ ಅಕೌಂಟ್ ಮ್ಯಾನೇಜರ್' ಅಂತ ಇದೆ. ಇಷ್ಟು ತಿಂಗಳು ನಾನು ಅಕೌಂಟ್ ಮುಟ್ಟದಿದ್ದರೆ ಇಂಥವರಿಗೆ ತಿಳಿಸಿ, ಇಂಥ ಮಾಹಿತಿ ಕೊಡಿ ಅಂತ ಮೊದಲೇ ಬರೆದಿಡಬಹುದು. ಹತ್ತು ಜನರವರೆಗೆ ಹೆಸರಿಸಬಹುದು. ನಾನು ಹೆಂಡತಿ, ಅಕ್ಕ ಇಬ್ಬರ ಹೆಸರು ಕೊಟ್ಟಿದ್ದೀನಿ. ಹದಿನೈದು ನಿಮಿಷದ ಕೆಲಸ, ನಾಲ್ಕು ವರ್ಷ ಮುಂದೂಡಿದ್ದೆ.

ಕಾಪಿ ಯಾವಾಗ, ಶಾರ್ಟ್‌ಕಟ್ ಯಾವಾಗ

"ಹಾಗಾದರೆ ಶಾರ್ಟ್‌ಕಟ್ಟೇ ಬೇಡ, ಎಲ್ಲರಿಗೂ ಕಾಪಿ ಕೊಟ್ಟುಬಿಡೋಣ" ಅನ್ನಬಹುದು. ವಾಟ್ಸಾಪ್‌ನಲ್ಲಿ ನಾವು ಮಾಡೋದು ಅದೇ ತಾನೇ? ಇಲ್ಲಿ ಒಂದು ವ್ಯತ್ಯಾಸ ಮಾಡಿಕೊಳ್ಳಬೇಕು.

ಹಳೆಯ ಆ್ಯಂಜಿಯೋಗ್ರಾಂ ರಿಪೋರ್ಟ್ ಇನ್ನು ಬದಲಾಗಲ್ಲ. ಕ್ರಯಪತ್ರ ಬದಲಾಗಲ್ಲ. ಇಂಥದಕ್ಕೆ ಕಾಪಿ ಒಳ್ಳೆಯದೇ. ಅಕ್ಕನ ಅಕೌಂಟ್‌ನಲ್ಲೂ ಒಂದು ಇರಲಿ, ನನ್ನದು ಹೋದರೂ ಅದು ಉಳಿಯುತ್ತೆ. ಆದರೆ ಅಪ್ಪ ಈಗ ತಗೊಳ್ತಾ ಇರೋ ಮಾತ್ರೆಗಳ ಪಟ್ಟಿ ಬದಲಾಗ್ತಾ ಇರುತ್ತೆ. ಆ ಘಟನೆಯ ನಂತರ ಎಲ್ಲ ತೆಗೆದು ನೋಡಿದಾಗ ನಮ್ಮ ಮನೆಯವರ ಫೋನುಗಳಲ್ಲಿ ಆ ಪಟ್ಟಿಯ ಮೂರು ಕಾಪಿ ಸಿಕ್ಕವು. ಒಂದರಲ್ಲಿ ನಿಲ್ಲಿಸಿದ ಮಾತ್ರೆ ಇನ್ನೂ ಇತ್ತು, ಇನ್ನೊಂದರಲ್ಲಿ ಡೋಸ್ ಹಳೆಯದು. ಇಂಥ ಫೈಲು ಒಂದೇ ಇರಬೇಕು. ಬೇಕಾದ ಕಡೆಯೆಲ್ಲ ಅದಕ್ಕೆ ಶಾರ್ಟ್‌ಕಟ್. ಯಾರು ಎಲ್ಲಿಂದ ತೆರೆದರೂ ಇವತ್ತಿನದೇ ಕಾಣಬೇಕು.

ಸರ್ಕಾರದ ಡಿಜಿಲಾಕರ್ ಕೂಡ ಈ ತತ್ವದ ಮೇಲೇ ನಡೆಯೋದು. 2015ರ ಜುಲೈ 1ರಂದು ಶುರುವಾದ ಆ ವ್ಯವಸ್ಥೆಯಲ್ಲಿ 'ಇಶ್ಯೂಡ್' ವಿಭಾಗದಲ್ಲಿ ಕಾಣೋ ಡ್ರೈವಿಂಗ್ ಲೈಸೆನ್ಸ್, ಅಂಕಪಟ್ಟಿ ಇವೆಲ್ಲ ಕೊಟ್ಟ ಇಲಾಖೆಯ ದಾಖಲೆಗೆ ಇರೋ ಕೊಂಡಿಗಳು. ನೀವೇ ಸ್ಕ್ಯಾನ್ ಮಾಡಿ ಹಾಕಿದ್ದು ಬೇರೆ, ಅದು ಬರೀ ಕಾಪಿ. ಹಾಗಾಗಿ ಎರಡಕ್ಕೂ ಒಂದೇ ಬೆಲೆ ಇಲ್ಲ.

ನಾನು ಈಗ ಮಾಡಿಕೊಂಡಿರೋದು

ಮುಖ್ಯವಾಗಿ ಬದಲಾಯಿಸಿದ್ದು ದಿಕ್ಕು. ಮೊದಲು ಅಸಲಿ ನನ್ನ ಹತ್ತಿರ, ಶಾರ್ಟ್‌ಕಟ್ ಅಕ್ಕನ ಹತ್ತಿರ ಇತ್ತು. ಈಗ ಉಲ್ಟಾ.

ಅಪ್ಪನ ಅಸಲಿ ಫೈಲುಗಳನ್ನೆಲ್ಲ 'ಸ್ಕ್ಯಾನ್'ನಿಂದ ತೆಗೆದು 'ಅಪ್ಪ ಆಸ್ಪತ್ರೆ' ಫೋಲ್ಡರ್‌ಗೇ ಮೂವ್ ಮಾಡಿದೆ. ಶೇರ್ ಆದ ಫೋಲ್ಡರ್‌ಗೆ ಫೈಲು ಬಂದ ಕೂಡಲೇ ಆ ಫೋಲ್ಡರ್‌ನ ಪರ್ಮಿಶನ್ ಅದಕ್ಕೂ ಸಿಗುತ್ತೆ. ನನಗೆ ಇನ್ಶೂರೆನ್ಸ್ ಕ್ಲೇಮ್‌ಗೆ, ಟ್ಯಾಕ್ಸ್‌ಗೆ ಬೇಕಾದ ಕಡೆ ನಾನೇ ಶಾರ್ಟ್‌ಕಟ್ ಹಾಕಿಕೊಂಡೆ. ತುರ್ತಿನಲ್ಲಿ ಯಾರಿಗೆ ಬೇಕೋ ಅವರಿಗೆ ಅಸಲಿ, ಅನುಕೂಲಕ್ಕೆ ಯಾರಿಗೆ ಬೇಕೋ ಅವರಿಗೆ ಶಾರ್ಟ್‌ಕಟ್. ಈ ಇಡೀ ವಿಡಿಯೋದಲ್ಲಿ ಇದೊಂದು ನೆನಪಿಟ್ಟುಕೊಂಡರೂ ಸಾಕು.

ಶಾರ್ಟ್‌ಕಟ್ ಮಾಡೋದು ಹೇಗೆ ಅಂತ ಕೇಳೋರಿಗೆ: ಕಂಪ್ಯೂಟರ್‌ನಲ್ಲಿ ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ, 'ಆರ್ಗನೈಸ್', ಅದರಲ್ಲಿ 'ಆ್ಯಡ್ ಶಾರ್ಟ್‌ಕಟ್', ಆಮೇಲೆ ಫೋಲ್ಡರ್ ಆರಿಸಿ. ಕ್ರೋಮ್‌ನಲ್ಲಿ ಇನ್ನೂ ಬೇಗ ಆಗಬೇಕು ಅಂದರೆ ಕಂಟ್ರೋಲ್ ಸಿ ಒತ್ತಿ, ಬೇಕಾದ ಫೋಲ್ಡರ್‌ಗೆ ಹೋಗಿ ಕಂಟ್ರೋಲ್ ಶಿಫ್ಟ್ ವಿ. ಶಿಫ್ಟ್ ಮರೆತರೆ ಕಾಪಿ ಆಗುತ್ತೆ, ಹುಷಾರು. ಫೋನಿನಲ್ಲಿ ಫೈಲಿನ ಪಕ್ಕದ ಮೂರು ಚುಕ್ಕಿ ಒತ್ತಿದರೆ ಇದೇ ಆಯ್ಕೆ ಸಿಗುತ್ತೆ.

ಅಕ್ಕನ ಫೋನಿನಲ್ಲಿ ಮುಖ್ಯವಾದ ನಾಲ್ಕು ಫೈಲುಗಳಿಗೆ 'ಅವೈಲಬಲ್ ಆಫ್‌ಲೈನ್' ಒತ್ತಿಸಿದ್ದೀನಿ: ಆ್ಯಂಜಿಯೋಗ್ರಾಂ, ಡಿಸ್ಚಾರ್ಜ್ ಸಮ್ಮರಿ, ಆಗಿಬರದ ಔಷಧಿ, ಈಗಿನ ಮಾತ್ರೆಗಳು. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ನೆಟ್‌ವರ್ಕ್ ಇರದಿದ್ದರೂ ತೆರೀಬೇಕು.

ಕೊನೆಯದು ಪರೀಕ್ಷೆ. ನಾವು ಕೋಡ್ ಬರೆದರೆ ಟೆಸ್ಟ್ ಮಾಡದೆ ಪ್ರೊಡಕ್ಷನ್‌ಗೆ ಬಿಡಲ್ಲ. ಮನೆಯ ವಿಷಯದಲ್ಲಿ ಮಾತ್ರ ನಮ್ಮ ಲಾಗಿನ್‌ನಲ್ಲಿ ತೆರೆದು ನೋಡಿ, ಸರಿ ಇದೆ ಅಂತ ಬಿಟ್ಟುಬಿಡ್ತೀವಿ. ಯಜಮಾನನಿಗೆ ಎಲ್ಲ ಬಾಗಿಲೂ ತೆರೆದೇ ಇರುತ್ತೆ, ಅದು ಟೆಸ್ಟೇ ಅಲ್ಲ. ಈಗ ತಿಂಗಳ ಮೊದಲ ಭಾನುವಾರ ಅಕ್ಕನಿಗೆ ಫೋನ್ ಮಾಡಿದಾಗ ಒಂದು ಫೈಲಿನ ಹೆಸರು ಹೇಳ್ತೀನಿ, ಅವಳು ಅವಳ ಫೋನಿನಲ್ಲಿ ತೆರೆದು ಮೊದಲ ಸಾಲು ಓದ್ತಾಳೆ. ಮೊದಮೊದಲು ನಗ್ತಿದ್ದಳು. ಕಳೆದ ತಿಂಗಳು ನಾನು ಮರೆತಿದ್ದೆ, ಅವಳೇ ಫೋನ್ ಮಾಡಿ "ಇವತ್ತ ಯಾವುದು ಓದ್ಲೋ?" ಅಂದಳು.

ಈ ವಾರ ಊರಿಗೆ ಫೋನ್ ಮಾಡಿದಾಗ ನೀವೂ ಒಂದು ಫೈಲು ತೆರೆಯೋಕೆ ಹೇಳಿ ನೋಡಿ. ತೆರೆಯದಿದ್ದರೆ ಅಸಲಿ ಎಲ್ಲಿದೆ, ಯಜಮಾನ ಯಾರು ಅಂತ ಹುಡುಕಿ. ಮುಂದಿನ ಸಲ ಸಿಗೋಣ. ನಮಸ್ಕಾರ.